ಎಂಟಾಣೆ ಆಕಾಶ

ದುರ್ಗದಲ್ಲಿ ವಿಮಾನ ಇಳಿಯುವುದಿಲ್ಲ.
ಆದರೂ ನಸುಕಿನ ನಾಲ್ಕೂವರೆಗೆದ್ದು
ಬಲೂನಿಗೆ ಗ್ಯಾಸು ತುಂಬುತ್ತೇನೆ,
ಬಯಲಾದ ಆಕಾಶಕ್ಕೆ ಬಿಳಿಯದು,
ಮೋಡವಿದ್ದರೆ ಕೆಂಪು.
ರಿಜಿಸ್ಟರಿನಲ್ಲಿ ಇದರ ಹೆಸರು ಪೈಲಟ್ ಬಲೂನು.
ಇಪ್ಪತ್ತು ವರ್ಷದ ನೌಕರಿಯಲ್ಲಿ
ನಾನು ಕೈಯಾರೆ ಮುಟ್ಟಿದ ಪೈಲಟ್ ಇದೊಂದೇ.

ಬಿಟ್ಟ ಮೇಲೆ ದುರ್ಬೀನಿಗೆ ಕಣ್ಣಿಟ್ಟು
ನಿಮಿಷಕ್ಕೊಮ್ಮೆ ಕೋನ ಓದಬೇಕು.
ಒಂದು. ಎರಡು. ಮೂರು.
ಮೋಡದ ಹೊಟ್ಟೆಯೊಳಕ್ಕೆ ಅದು ಹೊಕ್ಕಾಗ
ಪೆನ್ಸಿಲ್ ಕೆಳಗಿಡಬೇಕು.
ಇಷ್ಟನ್ನೂ ಅಂಕಿ ಮಾಡಿ ಕಳಿಸಿದರೆ
ಘಟ್ಟದ ಕೆಳಗೆ, ಸಮುದ್ರದ ಮಗ್ಗುಲ ರನ್‌ವೇ ಹತ್ತಿರ
ಯಾರೋ ಓದುತ್ತಾರಂತೆ.

ಕೆಲಸ ಕಲಿಸಿದವರು ಪಾಲಯ್ಯ.
ಮೂವತ್ತೊಂದು ವರ್ಷ ಗಾಳಿ ಅಳೆದು
ಒಂದು ಸಲವೂ ವಿಮಾನ ಹತ್ತದ ಮನುಷ್ಯ.
ಆಕಾಶವನ್ನು ಎಂಟು ಪಾಲು ಮಾಡಿ
ಮೋಡ ಎಷ್ಟು ಪಾಲು ಅಂತ ಬರೆಯಬೇಕಲ್ಲ,
ಅವರು ಪಾಲು ಅನ್ನುತ್ತಿರಲಿಲ್ಲ, ಆಣೆ ಅನ್ನುತ್ತಿದ್ದರು.
"ಎಂಟಾಣೆಗೇ ತುಂಬಿ ಹೋಗ್ತೈತೆ ತಂಗಿ, ಈ ಆಕಾಶ.
ಯಾವತ್ತೂ ಪೂರಾ ರೂಪಾಯಿ ಆಗಲ್ಲ."
ಮತ್ತೊಂದು ದಿನ, ನಾನು ದಿಕ್ಕು ತಿರುಗಿಸಿ ಬರೆದಾಗ:
"ಎಲ್ಲಿಗೆ ಹೊಂಟೈತೆ ಅಂತ ಕೇಳಬ್ಯಾಡ.
ಗಾಳಿಗೆ ಕೇಳಾದು ಬಂದ ಊರು."

ದೂರ ಅಳೆಯಲು ನಮಗೆ ಮೀಟರಿಲ್ಲ, ಗುರುತುಗಳಿವೆ.
ನೀರಿನ ಟ್ಯಾಂಕು ಕಂಡರೆ ಒಂದು ಕಿಲೋಮೀಟರ್,
ಕೋಟೆಯ ತುದಿಬಂಡೆ ಕಂಡರೆ ಮೂರು,
ಜೋಗಿಮಟ್ಟಿಯ ಫ್ಯಾನುಗಳು ಮೂರು ರೆಕ್ಕೆ ಸಮೇತ ಕಂಡರೆ
ಪೈಲಟ್ಟಿಗೆ ಚಿಂತೆಯಿಲ್ಲ.
ಒಮ್ಮೆ ಕನ್ನಡಕ ಒಡೆದಿತ್ತು,
ಊರಿಗೇ ಮಂಜು ಕವಿದಿದೆಯೆಂದು ಕಳಿಸಿಬಿಟ್ಟೆ.

ಆಷಾಢದ ಒಂದು ರಾತ್ರಿ.
ಹನಿ ಬೀಳದ, ಬರೀ ಬೀಸುವ ಆಷಾಢ;
ತಗಡು, ಕಿಟಕಿ, ಬೀದಿನಾಯಿ ಎಲ್ಲವೂ ಊಳಿಡುವ ಹೊತ್ತು.
ಫೋನು ಬಂತು. ನಮಸ್ಕಾರವಿಲ್ಲ.
"ದುರ್ಗವಾ?"
ಹೌದು.
"ನಿಮ್ಮ ಮೇಲೆ ಒಂದು ಸುತ್ತುತ್ತಾ ಇದೆ.
ಇಲ್ಲಿ ಕರಾವಳಿ ಪೂರ್ತಿ ಮುಚ್ಚಿದೆ, ರನ್‌ವೇ ದೀಪವೂ ಕಾಣ್ತಿಲ್ಲ.
ಮೋಡದ ತಳ ಎಷ್ಟು, ಗಾಳಿ ಎಷ್ಟು, ಬೇಗ ಹೇಳಿ."

ಹೊರಗೆ ಬಂದು ಕತ್ತೆತ್ತಿದೆ.
ಮೋಡದ ಹರಕಿನಲ್ಲಿ ಕೆಂಪು ದೀಪವೊಂದು
ಇತ್ತು. ಇರಲಿಲ್ಲ. ಇತ್ತು.
ಬಲೂನಿನ ಬಾಲಕ್ಕೆ ಪುಟ್ಟ ಬಲ್ಬು ಕಟ್ಟಿದೆ
(ಪಾಲಯ್ಯನವರ ಕಾಲಕ್ಕೆ ಕಾಗದದ ಗೂಡು, ಮೇಣದ ಬತ್ತಿ).
ಬಿಟ್ಟ ಕೂಡಲೇ ಗಾಳಿ ಅದನ್ನು
ಜುಟ್ಟು ಹಿಡಿದು ಎಳೆದುಕೊಂಡು ಹೋಯಿತು.
ಒಂದು. ಎರಡು. ಮೂರು.
ಮೇಲಿನ ದೀಪ, ನನ್ನ ದೀಪ,
ಎರಡೂ ಒಂದೇ ಕಣ್ಣಳತೆಯಲ್ಲಿ.
ನಾಲ್ಕನೇ ನಿಮಿಷಕ್ಕೆ ನನ್ನದು ಆರಿತು.

ಆರುನೂರು ಮೀಟರ್ ಅಂದೆ.
ನೈಋತ್ಯದಿಂದ, ಬಲವಾಗಿ ಅಂದೆ.
ಎಣ್ಣೆ ಎಷ್ಟು ಉಳಿದಿದೆ, ಒಳಗೆ ಮಕ್ಕಳಿದ್ದಾರಾ,
ಕೇಳಲಿಲ್ಲ. ಕೇಳುವ ಕಾಲಮ್ಮು ನಮ್ಮಲ್ಲಿಲ್ಲ.
ಆ ಕಡೆ ಇನ್ಯಾರಿಗೋ ಅದೇ ಅಂಕಿ ಹೇಳುವುದು ಕೇಳಿಸಿತು,
ನನ್ನ ಅಂಕಿ, ಬೇರೆ ಬಾಯಲ್ಲಿ, ಇಂಗ್ಲಿಷಿನಲ್ಲಿ.
ಆಮೇಲೆ ಸದ್ದು ಮೂಡಣಕ್ಕೆ ಜರುಗಿ ಜರುಗಿ
ಫ್ಯಾನುಗಳ ಸದ್ದಿನಲ್ಲಿ ಕಲಸಿಹೋಯಿತು.

ಬೆಳಗಿನ ಪೇಪರನ್ನು ಕೊನೇ ಪುಟದಿಂದ ಓದಿದೆ.
ಏನೂ ಇರಲಿಲ್ಲ.
ಏನೂ ಇಲ್ಲದ ಪೇಪರನ್ನು ಅಷ್ಟು ಹೊತ್ತು
ಹಿಂದೆಂದೂ ಓದಿರಲಿಲ್ಲ.

ಮೂರು ದಿನ ಬಿಟ್ಟು ತುರುವನೂರು ಬಸ್ಸಿನ
ಕಂಡಕ್ಟರ್ ಫಕ್ರುದ್ದೀನ್ ಗೇಟಿನ ಹತ್ತಿರ ನಿಂತ.
ಕೈಯಲ್ಲಿ ಕೆಂಪು ರಬ್ಬರಿನ ಚಿಂದಿ, ದಾರ, ಬಲ್ಬು.
"ಶೇಂಗಾ ಹೊಲದಾಗೆ ಬಿದ್ದಿತ್ತಂತೆ ಮೇಡಂ.
ಯಾವೂರಿಂದ ಬಂತೋ ಅಂತ ಎಲ್ಲಾರು ಕೇಳ್ತಿದ್ರು.
ಲಗೇಜಿಗೆ ಟಿಕೆಟ್ ಹರಿದಿಲ್ಲ ಬಿಡಿ."

ನೈಋತ್ಯದಿಂದ ತುರುವನೂರಿಗೆ: ಲೆಕ್ಕ ಸರಿಯಿತ್ತು.
ಬಲ್ಬು ಒರೆಸಿ ಡ್ರಾಯರಿನಲ್ಲಿಟ್ಟೆ.
ಸಂಜೆ ಐದೂವರೆಯ ವೀಕ್ಷಣೆಗೆ ಹೊತ್ತಾಗಿತ್ತು.
ಮೋಡ, ಆರಾಣೆ.